ಎದುರುಮನೆಯ ಅಕ್ಕೋರು ಕಲಿಸಿದ ಹಾಡು

ಅನುಮಾನ ಪಡುವುದಕ್ಕೇ ನನಗೆ ಸಂಬಳ. ಆಸ್ಪತ್ರೆಯ ಫಾರ್ಮಸಿಯಲ್ಲಿ ಕೆಲಸ. ಡಾಕ್ಟರು ಬರೆದ ಔಷಧಿ ಸರಿ ಇದೆಯೇ, ಪ್ರಮಾಣ ಹೆಚ್ಚಾಯಿತೇ, ಒಂದು ಗುಳಿಗೆಗೂ ಇನ್ನೊಂದಕ್ಕೂ ಆಗಿಬರುತ್ತದೆಯೇ ಎಂದು ದಿನವಿಡೀ ನೋಡುವುದು, ವಾರ್ಡಿಗೆ ಫೋನ್ ಮಾಡಿ ಕೇಳುವುದು, ಕೇಳಿದ್ದಕ್ಕೆ ಬೈಸಿಕೊಳ್ಳುವುದು. ನನ್ನ ಗಂಡ ಅದೇ ಆಸ್ಪತ್ರೆಯಲ್ಲಿ ಡಾಕ್ಟರು, ಮೈಸೂರಿನವರು. ಎಲ್ಲರನ್ನೂ ನಂಬುವುದು ಅವರ ಜಾಯಮಾನ. ನಿಮ್ಮ ಮನೆಯ ಹೆಂಚು ಸಡಿಲವಾಗಿದೆ, ರಿಪೇರಿ ಮಾಡಿಕೊಡಲೇ ಎಂದು ಬಾಗಿಲು ತಟ್ಟಿದವನನ್ನೂ ಒಳಗೆ ಕೂರಿಸಿ ಕಾಫಿ ಕೊಡುತ್ತಾರೆ. ನಾನು ಧಾರವಾಡದವಳು. ಅವರು ಕಾಫಿ ಬೆರೆಸುವಷ್ಟರಲ್ಲಿ ನಾನು ಆ ಮನುಷ್ಯನ ವ್ಯಾನಿನ ನಂಬರು ನೋಡಿಕೊಂಡು ಬಂದಿರುತ್ತೇನೆ.

ಇಂಥವಳು ಎದುರುಮನೆಯ ಮುದುಕಿಯನ್ನು ಸುಮ್ಮನೆ ನಂಬಿಬಿಡುತ್ತಾಳೆ ಎಂದು ಯಾರಾದರೂ ಅಂದುಕೊಂಡಿದ್ದರೆ ಅದು ಅವರ ತಪ್ಪು.

ಶುರುವಾದದ್ದು ಮಗಳ ಶಾಲೆಯಿಂದ. ನಾವು ಲಂಡನ್ನಿನ ಹೌನ್ಸ್ಲೋದ ಫ್ಲಾಟ್ ಬಿಟ್ಟು ಇನ್ನೊಂದು ಮೂಲೆಯ ಸಟನ್ನಿಗೆ ಬಂದದ್ದೇ ಇಲ್ಲಿಯ ಗ್ರಾಮರ್ ಶಾಲೆಗಳ ಆಸೆಗೆ. ಹನ್ನೊಂದನೇ ವಯಸ್ಸಿಗೆ ಸೇರಿಸಿಕೊಳ್ಳುವ ಆ ಶಾಲೆಗಳಲ್ಲಿ ಪರೀಕ್ಷೆ ಬರೆದು ಗೆದ್ದವರಿಗಷ್ಟೇ ಸೀಟು. ಹೀಗಾಗಿ ನಮ್ಮ ಬೀದಿಯಲ್ಲಿ ಹೂವಿನ ಗಿಡಕ್ಕಿಂತ ಹೆಚ್ಚಾಗಿ ಟ್ಯೂಷನ್ ಟೀಚರುಗಳ ಸಮಾಚಾರವೇ ಬೇಲಿ ದಾಟುತ್ತದೆ. ಮಗಳು ಐದನೇ ವರ್ಷದ ಕ್ಲಾಸಿನಲ್ಲಿದ್ದಳು. ಆ ಅಕ್ಟೋಬರಿನಲ್ಲಿ ತಂದೆತಾಯಿಗಳನ್ನು ಕರೆದ ಸಂಜೆ ಅವಳ ಟೀಚರು, ಇನ್ನೂ ಮೀಸೆ ಸರಿಯಾಗಿ ಬಾರದ ಹುಡುಗ, ಲೆಕ್ಕ ಚೆನ್ನಾಗಿದೆ, ಬರವಣಿಗೆ ಚೆನ್ನಾಗಿದೆ ಎಂದೆಲ್ಲ ಹೇಳಿದ. ಆಮೇಲೆ, ಕ್ಲಾಸಿನಲ್ಲಿ ಇವಳ ಧ್ವನಿಯನ್ನು ಯಾರೂ ಕೇಳಿಲ್ಲ ಎಂದ. ಹಾಜರಿ ಕೂಗಿದರೆ ಕೈ ಎತ್ತುತ್ತಾಳಂತೆ. ಪ್ರಶ್ನೆ ಕೇಳಿದರೆ ಉತ್ತರ ಬರೆದು ತೋರಿಸುತ್ತಾಳಂತೆ. ಆಟದ ಬಯಲಿನಲ್ಲಿ ಗೆಳತಿಯರು ಅವಳ ಪರವಾಗಿ ಮಾತಾಡುತ್ತಾರಂತೆ.

ಮನೆಯಲ್ಲಿ ಅವಳು ಮಾತು ಕಡಿಮೆ ಮಾಡಿದ್ದು ಗೊತ್ತಿತ್ತು. ನಾನು ಕನ್ನಡದಲ್ಲಿ ಕೇಳುವುದು, ಅವಳು ಇಂಗ್ಲಿಷಿನಲ್ಲಿ ಒಂದೇ ಪದದಲ್ಲಿ ಮುಗಿಸುವುದು, ಇದು ಇಲ್ಲಿನ ಎಲ್ಲ ಮನೆಗಳ ಕಥೆ ಎಂದು ಸಮಾಧಾನ ಮಾಡಿಕೊಂಡಿದ್ದೆ. ಬೆಳಿಗ್ಗೆ ಹಾಡಿನ ಅಭ್ಯಾಸಕ್ಕೆ ಕೂರಿಸಿದರೆ ಮೊಬೈಲಿನ ತಂಬೂರಿ ಗಟ್ಟಿಯಾಗಿ ಕೇಳುತ್ತಿತ್ತು, ಮಗಳ ಸ್ವರ ಮಾತ್ರ ತುಟಿ ದಾಟುತ್ತಿರಲಿಲ್ಲ. ಬೆಳೆಯೋ ಮಕ್ಕಳು ಹಾಗೇ ಕಣೇ, ಪರೀಕ್ಷೆ ಬರೆಯೋದಕ್ಕೆ ಬಾಯಿ ಬೇಕಿಲ್ಲವಲ್ಲ ಎಂದರು ಇವರು. ಆ ಮಾತಿಗೆ ನನ್ನ ಮೈಯೆಲ್ಲ ಉರಿಯಿತು. ಸೀಟು ಹೋದರೆ ಹೋಗಲಿ, ನನ್ನ ಮಗಳ ಬಾಯಿಗೆ ಬೀಗ ಬಿದ್ದಿದೆ, ಅದು ತೆರೆಯಬೇಕು, ಅಷ್ಟೇ ನನಗೆ ಬೇಕಾಗಿತ್ತು. ನಮ್ಮ ಬೀದಿಯ ಕಡೆಯ ಡಾಕ್ಟರು, ಜಿಪಿ, ಅವರ ಹತ್ತಿರ ಹೋದೆವು. ಅವರು ಮಾತಿನ ತಜ್ಞರಿಗಾಗಿ ಕಾಯುವವರ ಪಟ್ಟಿಗೆ ಹೆಸರು ಸೇರಿಸಿ ಕಳಿಸಿದರು.

ಎದುರುಮನೆಯಲ್ಲಿರುವುದು ನಮ್ಮ ಆಸ್ಪತ್ರೆಯದೇ ಒಬ್ಬ ನರ್ಸ್, ದಕ್ಷಿಣ ಆಫ್ರಿಕಾದವಳು. ಅವಳ ತಾಯಿ ಆ ಬೇಸಿಗೆಯಲ್ಲಷ್ಟೇ ಬಂದು ಮಗಳ ಜೊತೆ ಇದ್ದರು. ಊರಿನಲ್ಲಿ ಕರಿಯರ ಬಡಾವಣೆಯ ಶಾಲೆಯೊಂದರ ಹೆಡ್‌ಮಿಸ್ಟ್ರೆಸ್ ಆಗಿ ನಿವೃತ್ತರಾದವರು. ನಮ್ಮ ಕಡೆ ಶಾಲೆಯ ಟೀಚರಮ್ಮನಿಗೆ ಅಕ್ಕೋರು ಅನ್ನುತ್ತೇವೆ, ನನ್ನ ಮನಸ್ಸಿನಲ್ಲಿ ಆಕೆ ಮೊದಲ ದಿನದಿಂದಲೂ ಅಕ್ಕೋರೇ. ಬೆನ್ನು ನೆಟ್ಟಗೆ, ತಲೆಗೆ ಬಿಗಿಯಾಗಿ ಕಟ್ಟಿದ ಬಟ್ಟೆ, ಎದುರಿಗಿರುವವರು ಹೋಮ್‌ವರ್ಕ್ ಮಾಡಿಲ್ಲ ಎಂದು ಮೊದಲೇ ಗೊತ್ತಿರುವ ನೋಟ. ಆಸ್ಪತ್ರೆಯ ಲಿಫ್ಟಿನಲ್ಲಿ ನರ್ಸ್ ಸಿಕ್ಕಾಗ ನಾನು ಮಗಳ ವಿಷಯ ಹೇಳಿದೆ. ನಮ್ಮಮ್ಮನ ಹತ್ತಿರ ಕಳಿಸಿ, ಗಟ್ಟಿಯಾಗಿ ಓದಿಸುತ್ತಾರೆ, ಅವರಿಗೂ ಹೊತ್ತು ಹೋಗುತ್ತದೆ ಎಂದಳು ನರ್ಸ್. ಇಂಗ್ಲಿಷೂ ಸುಧಾರಿಸುತ್ತದೆ, ಪರೀಕ್ಷೆಗೂ ಆಗುತ್ತದೆ ಎಂದು ನಾನು ಒಪ್ಪಿದೆ. ಮೊದಲು ಆಕೆಯನ್ನು ಚಹಾಕ್ಕೆ ಕರೆದೆ. ಚಹಾಕ್ಕೆ ಕರೆದದ್ದು ಪರೀಕ್ಷೆ ಮಾಡುವುದಕ್ಕೇ, ಅದರಲ್ಲಿ ಮುಚ್ಚುಮರೆ ಏನಿಲ್ಲ.

ಆದರೆ ಪರೀಕ್ಷೆ ಮಾಡಿದ್ದು ಆಕೆ. ಬಂಗಾರದ ಅಂಚಿನ ಕಪ್-ಬಸಿಯಲ್ಲಿ ಆಕೆಗೆ ಚಹಾ ಕೊಟ್ಟು, ನಾನು ನನ್ನ ಸ್ಟೀಲಿನ ಲೋಟ ಹಿಡಿದು ಕೂತೆ. ಆಕೆ ತಮ್ಮ ಕಪ್ ನೋಡಿದರು, ನನ್ನ ಲೋಟ ನೋಡಿದರು, ಅಡುಗೆಮನೆಯ ಕಡೆ ನೋಡಿದರು. ಮನೆಯವರೆಲ್ಲ ಸ್ಟೀಲಿನಲ್ಲಿ ಕುಡಿಯುತ್ತೀರೋ ಎಂದು ಕೇಳಿದರು. ಹೌದೆಂದೆ. ಹೊರಗಿನವರಿಗೆ ಇದೋ ಎಂದು ಕಪ್ ಸ್ವಲ್ಪ ಎತ್ತಿ ತೋರಿಸಿದರು. ಇದು ಒಳ್ಳೆಯ ಕಪ್, ಬಂದವರಿಗೆಂದೇ ಇಟ್ಟದ್ದು ಎಂದು ನಾನು ಹೇಳಿದೆ. ಆಕೆ ಕಪ್ ಕೆಳಗಿಟ್ಟರು. ಆಮೇಲೆ ಹೇಳಿದರು, ತನ್ನ ತಾಯಿ ಬಿಳಿಯರ ಮನೆಗಳಲ್ಲಿ ಕೆಲಸಕ್ಕಿದ್ದಳಂತೆ, ಅಲ್ಲಿ ಅವಳಿಗೆಂದು ಒಂದು ತಗಡಿನ ಮಗ್ಗು ಸಿಂಕಿನ ಕೆಳಗೆ ಇರುತ್ತಿತ್ತಂತೆ, ನಿನಗೆಂದೇ ಇಟ್ಟದ್ದು ಎಂದು ಆ ಮನೆಯವರೂ ಬಹಳ ಪ್ರೀತಿಯಿಂದಲೇ ಹೇಳುತ್ತಿದ್ದರಂತೆ. ನಮ್ಮ ದೇಶದ ಡರ್ಬನ್ನಿನಲ್ಲಿ ನೆಲೆಸಿದ ನಿಮ್ಮ ಭಾರತದ ಜನರ ಮನೆಗಳಲ್ಲೂ ಅಂಥ ಮಗ್ಗು ನೋಡಿದ್ದೇನೆ ಎಂದು ಸೇರಿಸಿದರು. ನಮ್ಮ ಜನ ಎಂದರೆ ಯಾರು, ಡರ್ಬನ್ನಿಗೆ ಹೋದವರು ಯಾವ ಕಾಲದವರೋ ಯಾವ ಊರಿನವರೋ ಎಂದು ನನಗೆ ಸಿಟ್ಟು ಬಂತು. ಆದರೆ ಧಾರವಾಡದಲ್ಲಿ ನನ್ನ ಅಜ್ಜಿ ಮುಸುರೆಯವಳಿಗೆ ಹಿತ್ತಲ ಕಟ್ಟೆಯ ಮೇಲೆ ಬೇರೆ ಲೋಟ ಇಡುತ್ತಿದ್ದದ್ದು ಕಣ್ಣೆದುರು ಬಂತು. ಮುಂದಿನ ಸಲ ಬಂದಾಗ ಆಕೆ ತಾವೇ ಕಪಾಟಿನಿಂದ ಸ್ಟೀಲಿನ ಲೋಟ ತೆಗೆದುಕೊಂಡರು. ಸುಟ್ಟರೂ ಅದರಲ್ಲೇ ಕುಡಿದರು.

ನವೆಂಬರಿನಿಂದ ಮಗಳು ವಾರಕ್ಕೆ ಎರಡು ಸಂಜೆ ಎದುರುಮನೆಗೆ ಹೋಗತೊಡಗಿದಳು. ನಾನು ಕರೆದುಕೊಂಡು ಬರಲು ಹೋದಾಗ ಆಕೆ ಬಾಗಿಲಲ್ಲಿ ನಿಲ್ಲಿಸಿ ಮಾತಾಡಿಸುತ್ತಿದ್ದರು. ಹೇಗಿದ್ದೀರಿ ಎಂದು ಕೇಳಿ, ನಿಮ್ಮ ಮನೆಯವರು ಹೇಗಿದ್ದಾರೆ, ನಿಮ್ಮ ತಾಯಿ ಹೇಗಿದ್ದಾರೆ ಎಂದು ಒಂದೊಂದೇ ವಿಚಾರಿಸಿ, ಅದೆಲ್ಲ ಮುಗಿಯುವ ತನಕ ಮಗಳನ್ನು ಬಿಟ್ಟುಕೊಡುತ್ತಿರಲಿಲ್ಲ. ಅದು ಅವರ ಊರಿನ ಪದ್ಧತಿ. ಇಷ್ಟೆಲ್ಲ ವಿಚಾರಣೆ ಯಾಕೆ, ಏನು ಬೇಕಾಗಿದೆ ಈ ಹೆಂಗಸಿಗೆ ಎಂದು ನನ್ನ ತಲೆ ಓಡುತ್ತಿತ್ತು.

ಶಾಲೆಗಳ ಬಗ್ಗೆ ಆಕೆಗೆ ಖಡಕ್ ಅಭಿಪ್ರಾಯಗಳಿದ್ದವು. ನಮ್ಮ ದೇಶದಲ್ಲಿ ಕಾನೂನು ಬದಲಾಯಿತು, ಶಾಲೆಗಳು ಬದಲಾಗಲಿಲ್ಲ ಎನ್ನುತ್ತಿದ್ದರು. ಮೊದಲು ಬಿಳಿಯರಿಗೆ ಮಾತ್ರ ಇದ್ದ ಶಾಲೆಗಳ ಬಾಗಿಲು ಎಲ್ಲರಿಗೂ ತೆರೆಯಿತು, ತೆರೆದ ಕೂಡಲೇ ಕೈಲಾದ ಕರಿಯರೆಲ್ಲ ಮಕ್ಕಳನ್ನು ಅಲ್ಲಿಗೆ ಸಾಗಿಸಿದರು, ಬಡಾವಣೆಯ ಶಾಲೆಯಲ್ಲಿ ಉಳಿದದ್ದು ಎಲ್ಲಿಗೂ ಹೋಗಲಾಗದವರು. ಆ ದೊಡ್ಡ ಶಾಲೆಗಳಲ್ಲಿ ನಮ್ಮ ಹೆಣ್ಣುಮಕ್ಕಳ ಕೂದಲು ಶಿಸ್ತಿಗೆ ಒಗ್ಗುವುದಿಲ್ಲ, ನಮ್ಮ ಭಾಷೆ ಕಾರಿಡಾರಿನಲ್ಲಿ ಒಗ್ಗುವುದಿಲ್ಲ, ಮಗು ಸಂಜೆ ಮನೆಗೆ ಬಂದು ಅಜ್ಜಿಗೆ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತದೆ, ಅಜ್ಜಿ ಅದನ್ನೇ ಅಕ್ಕಪಕ್ಕದವರಿಗೆ ಹೆಮ್ಮೆಯಿಂದ ಹೇಳಿಕೊಳ್ಳುತ್ತಾಳೆ ಎಂದರು. ಹಾಗಾದರೆ ನಿಮ್ಮ ಮಗಳು ಎಲ್ಲಿ ಓದಿದಳು ಎಂದು ನಾನು ಕೇಳಿದೆ. ಕೇಳದೆ ಬಿಡುವವಳಲ್ಲ ನಾನು. ಆಕೆ ನನ್ನನ್ನು ನೇರವಾಗಿ ನೋಡಿ, ನಗರದ ದೊಡ್ಡ ಶಾಲೆಯಲ್ಲಿ, ಬೆಳಿಗ್ಗೆ ಕತ್ತಲಿರುವಾಗಲೇ ಬಸ್ಸು ಹತ್ತಿಸುತ್ತಿದ್ದೆ ಎಂದರು. ನಾನು ನಡೆಸುವ ಶಾಲೆಯನ್ನು ನಾನೇ ನಂಬಲಿಲ್ಲ ಎಂದರು.

ಧಾರವಾಡದ ಸರ್ಕಾರಿ ಶಾಲೆಯ ಮಾಸ್ತರು ತಮ್ಮ ಮಕ್ಕಳನ್ನು ಕಾನ್ವೆಂಟಿಗೆ ಕಳಿಸುವುದನ್ನು ನೋಡುತ್ತ ಬೆಳೆದವಳು ನಾನು, ನನಗೇನೂ ಆಶ್ಚರ್ಯವಾಗಲಿಲ್ಲ. ಅನುಮಾನ ಮಾತ್ರ ಬಂತು. ತನ್ನ ಮಗಳಿಗೆ ಒಂದು ನ್ಯಾಯ ಮಾಡಿ ಈಗ ನನ್ನ ಮಗಳ ಕಿವಿಯಲ್ಲಿ ಇನ್ನೊಂದು ಊದುತ್ತಿದ್ದಾರೇನೋ, ಗ್ರಾಮರ್ ಶಾಲೆ ಬೇಡ ಎನ್ನಿಸುತ್ತಿದ್ದಾರೇನೋ ಎಂದು. ನರ್ಸಿನ ಬಾಯಿ ಬಿಡಿಸಲು ನೋಡಿದೆ. ಅವಳು ಗೊಳ್ಳನೆ ನಕ್ಕಳು. ನಮ್ಮಮ್ಮ ಹಾಗೇ, ಆ ಶಾಲೆ ಇಲ್ಲದಿದ್ದರೆ ನಾನು ಇವತ್ತು ಇಲ್ಲಿ ಇರುತ್ತಿರಲಿಲ್ಲ, ಆ ಶಾಲೆ ಇದ್ದದ್ದಕ್ಕೆ ನಾನು ಅವರಿಂದ ದೂರವಾದೆ, ಅವರಿಗೆ ಎರಡೂ ಬೇಕು, ಎರಡಕ್ಕೂ ಬೈಯುತ್ತಾರೆ ಎಂದಳು.

ಜನವರಿಯ ಹೊತ್ತಿಗೆ ನನ್ನ ಅನುಮಾನಕ್ಕೆ ಸರಿಯಾದ ಕಾರಣವೇ ಸಿಕ್ಕಿತು. ಒಂದು ಸಂಜೆ ಶಿಫ್ಟ್ ಬೇಗ ಮುಗಿದು, ಮಗಳನ್ನು ಕರೆತರಲು ಸ್ವಲ್ಪ ಮುಂಚೆಯೇ ಹೋದೆ. ಓದುವ ಸದ್ದಿಲ್ಲ. ಚಪ್ಪಾಳೆ, ನೆಲಕ್ಕೆ ಕಾಲು ತಟ್ಟುವ ಸದ್ದು, ಮುದುಕಿಯ ದಪ್ಪ ಧ್ವನಿ, ಅದರ ಮೇಲೆ ಇನ್ನೊಂದು ಸಣ್ಣ ಧ್ವನಿ. ಆ ಸಣ್ಣ ಧ್ವನಿ ಯಾರದ್ದೆಂದು ನನಗೆ ಕೂಡಲೇ ಹೊಳೆಯಲಿಲ್ಲ. ಹೊಳೆದಾಗ ಗಂಟೆ ಒತ್ತಲು ಎತ್ತಿದ ಕೈ ಹಾಗೇ ನಿಂತಿತು. ನನ್ನ ಮಗಳು ಹಾಡುತ್ತಿದ್ದಳು, ಅದೂ ಬಾಯಿಬಿಟ್ಟು.

ಸಂತೋಷವಾಗಬೇಕಿತ್ತು, ಆಯಿತು ಕೂಡ. ಆದರೆ ಐದು ವರ್ಷದವಳಿದ್ದಾಗಿಂದ ಮುಂದೆ ಕೂರಿಸಿಕೊಂಡು ಸಾ ಹಚ್ಚಿಸಿದ್ದು ನಾನು, ಬಾಯಿ ಬಿಟ್ಟದ್ದು ಇಲ್ಲಿ. ನಾನು ಕಲಿತದ್ದು ಧಾರವಾಡದ ಕಟ್ಟುನಿಟ್ಟಿನ ಪದ್ಧತಿಯಲ್ಲಿ. ನಮ್ಮ ಗುರುಗಳ ಮುಂದೆ ವರ್ಷಗಟ್ಟಲೆ ಬರೀ ಸ್ವರ. ಸ್ವರ ಸ್ವಲ್ಪ ಇಳಿದರೆ ಅವರು ಮಾತಾಡುತ್ತಿರಲಿಲ್ಲ, ತೋರುಬೆರಳನ್ನು ಮೇಲೆ ಎತ್ತುತ್ತಿದ್ದರು. ಏರಿದರೆ ಅಂಗೈ ಕೆಳಗೆ ಒತ್ತುತ್ತಿದ್ದರು. ನಾಲ್ಕು ಜನರ ಮುಂದೆ ಹಾಡುವ ಯೋಗ್ಯತೆ ಬಂತೋ ಇಲ್ಲವೋ ಹೇಳುವವರು ಅವರು, ನಿನಗೆ ಬರಲೇ ಇಲ್ಲ ಎಂದು ಹೇಳಿ ಎಷ್ಟೋ ಮಂದಿಯನ್ನು ಮನೆಗೆ ಕಳಿಸಿದ್ದಾರೆ. ನಾನೂ ಮಗಳಿಗೆ ಅದೇ ಬೆರಳು, ಅದೇ ಅಂಗೈ. ಅಕ್ಕೋರ ಲೆಕ್ಕವೇ ಬೇರೆ. ತಮ್ಮ ಊರಿನಲ್ಲಿ ತನಗೆ ಹಾಡಲು ಬರುವುದಿಲ್ಲ ಎಂದು ಯಾರೂ ಹೇಳುವುದಿಲ್ಲ ಎನ್ನುತ್ತಿದ್ದರು. ಸಾವಿಗೂ ಹಾಡು, ಮುಷ್ಕರಕ್ಕೂ ಹಾಡು, ಸ್ಟಾಫ್ ರೂಮಿನಲ್ಲಿ ಸಂಬಳ ತಡವಾದರೂ ಹಾಡು. ಒಬ್ಬರು ಹಾಡಿ ಉಳಿದವರು ತಲೆದೂಗುವುದು ಎಂದರೆ ಅವರಿಗೆ ನಗು. ಉಳಿದವರಿಗೆ ಬಾಯಿ ಇಲ್ಲವೇ ಎಂದು ಕೇಳಿದ್ದರು. ಅವರ ಮಗಳು ನರ್ಸ್ ಶನಿವಾರ ಮನೆ ಗುಡಿಸುವಾಗ ಹಾಕುವ ಅವರದೇ ದೇಶದ ಹೊಸ ಡಾನ್ಸ್ ಸಂಗೀತ ಮಾತ್ರ ಆಕೆಗೆ ಆಗದು. ಅದರಲ್ಲಿ ಮನುಷ್ಯರ ಧ್ವನಿಯೇ ಕಡಿಮೆ, ಬರೀ ಗುದ್ದು ಎಂದು ಬಾಗಿಲು ಹಾಕಿಕೊಳ್ಳುತ್ತಿದ್ದರು.

ಅನುಮಾನ ಒಂದಕ್ಕೊಂದು ಸೇರಿಕೊಂಡಿತು. ಓದಿಸುವ ಹೊತ್ತಿನಲ್ಲಿ ಹಾಡಿಸುತ್ತಿದ್ದಾರೆ, ಇದು ಒಂದು. ಆಕೆ ಭಾನುವಾರ ತಪ್ಪದೆ ಚರ್ಚಿಗೆ ಹೋಗುವವರು, ಕಲಿಸುತ್ತಿರುವುದು ಭಜನೆಯೋ ಪ್ರಾರ್ಥನೆಯೋ ಯಾರಿಗೆ ಗೊತ್ತು, ಇದು ಇನ್ನೊಂದು. ನಮ್ಮ ಕಡೆಯ ಹೆಂಗಸರು ಸೇರಿದಾಗ ಈ ಮಾತು ತೆಗೆದಿದ್ದರೆ ಮತಾಂತರದ ತನಕ ಹೋಗುತ್ತಿತ್ತು, ಅದಕ್ಕೇ ತೆಗೆಯಲಿಲ್ಲ. ಎಲ್ಲಕ್ಕಿಂತ ಚುಚ್ಚಿದ್ದೆಂದರೆ ಮಗಳು ಆಕೆಯನ್ನು ಮಾ ಎಂದು ಕರೆಯುತ್ತಿದ್ದದ್ದು. ಅಲ್ಲಿ ವಯಸ್ಸಾದ ಹೆಂಗಸರನ್ನೆಲ್ಲ ಹಾಗೇ ಕರೆಯುವುದು ಎಂದರು ಆಕೆ. ಹುಟ್ಟಿದಾಗಿನಿಂದ ಅವ್ವಾ ಅನ್ನು ಅವ್ವಾ ಅನ್ನು ಎಂದು ಬಡಕೊಂಡರೂ ನನ್ನನ್ನು ಮಮ್ಮಿ ಎನ್ನುವ ಹುಡುಗಿ ಅಲ್ಲಿ ಹೋಗಿ ಮಾ ಎನ್ನುತ್ತಾಳೆ. ನಮ್ಮಲ್ಲಿ ಎದುರುಮನೆಯವರು ಮೌಶಿ ಆಗಬಹುದು, ಕಾಕು ಆಗಬಹುದು. ತಾಯಿಯಾಗುವುದಿಲ್ಲ.

ಹಾಡಿನ ಅರ್ಥವನ್ನು ನಾನು ನರ್ಸಿನ ಹತ್ತಿರ ವಿಚಾರಿಸಿದೆ. ಅಕ್ಕೋರ ಬಾಯಿಂದ ಬೇಡ, ಬೇರೆಯವರಿಂದ ಗೊತ್ತಾಗಲಿ ಎಂದು. ಅವಳು ಹಾಡನ್ನು ಮನಸ್ಸಿನಲ್ಲೇ ಒಮ್ಮೆ ಗುನುಗಿದಳು. ಯಾರೋ ಮಗುವನ್ನು ಅಂಗಡಿಗೆ ಕಳಿಸುತ್ತಾರೆ, ಮಗು ದಾರಿಯಲ್ಲಿ ಆಡುತ್ತ ಏನು ತರಬೇಕೆಂದು ಮರೆಯುತ್ತದೆ ಎಂದಳು. ಆಮೇಲಿನ ಸಾಲು ಕೇಳಿದರೆ, ಅದು ನನಗೆ ಪೂರ್ತಿ ಬರುವುದಿಲ್ಲ, ಶಾಲೆಯಲ್ಲಿ ನಮ್ಮ ಭಾಷೆ ಬಿಟ್ಟುಹೋಯಿತಲ್ಲ ಎಂದು ಟ್ರಾಲಿ ತಳ್ಳಿಕೊಂಡು ಹೋದಳು. ಹೆತ್ತ ಮಗಳಿಗೆ ಗೊತ್ತಿಲ್ಲದ ಸಾಲು ನನ್ನ ಮಗಳಿಗೆ ಬಾಯಿಪಾಠ. ಇದು ಸರಿಯೆಂದು ನನಗೆ ಅನ್ನಿಸಲಿಲ್ಲ.

ಒಂದು ಭಾನುವಾರ ಮಗಳಿಗೆ ಆ ಹಾಡು ನನಗೂ ಹೇಳಿ ತೋರಿಸು ಎಂದೆ. ಒಲ್ಲೆನೆಂದಳು. ಒತ್ತಾಯ ಮಾಡಿದ ಮೇಲೆ ಕಿಟಕಿಯ ಕಡೆ ಮುಖ ಮಾಡಿ ಹಾಡಿದಳು. ಕೇಳಿ ನನ್ನ ಕಿವಿ ನಿಮಿರಿತು. ಒಂದೇ ಸ್ವರದ ಮೇಲೆ ಸುಮ್ಮನೆ ನಿಲ್ಲುವುದು, ಇನ್ನೊಂದಕ್ಕೆ ಇಳಿಯುವುದು, ಮತ್ತೆ ಅಲ್ಲೇ ನಿಲ್ಲುವುದು. ತಲೆ ಇಲ್ಲ, ಬುಡ ಇಲ್ಲ. ಇದೆಂಥಾ ಹಾಡವ್ವಾ, ಎಲ್ಲಿ ಶುರುವಾತು ಎಲ್ಲಿ ಮುಗೀತು ಎಂದುಬಿಟ್ಟೆ. ಇದು ಒಬ್ಬರೇ ಹಾಡುವ ಹಾಡಲ್ಲ ಎಂದು ಇಂಗ್ಲಿಷಿನಲ್ಲಿ ಹೇಳಿ ಮೇಲೆ ತನ್ನ ಕೋಣೆಗೆ ಹೋದಳು. ಐದು ವರ್ಷ ತಿದ್ದಿದ ಕಿವಿಯನ್ನು ಈ ಹೆಂಗಸು ಕೆಡಿಸುತ್ತಿದ್ದಾರೆ ಎಂದು ನಾನು ಇವರ ಹತ್ತಿರ ಕೂಗಾಡಿದೆ. ಇವರು ಪೇಪರಿನಿಂದ ತಲೆ ಎತ್ತದೆ, ಮಗು ಹಾಡ್ತಿದೆಯಲ್ಲೇ, ಅದಕ್ಕೆ ಬೈತೀಯಾ ಎಂದರು.

ಅಷ್ಟರಲ್ಲಿ ಶಾಲೆಯವರೇ ಅಕ್ಕೋರನ್ನು ಕರೆದರು. ಮಕ್ಕಳ ಹಾಡಿನ ಗುಂಪಿಗೆ ಕಲಿಸುವವರಿರಲಿಲ್ಲ, ನಮ್ಮ ಮಗಳೇ ಟೀಚರಿಗೆ ಆಕೆಯ ವಿಷಯ ಹೇಳಿದ್ದಳು. ಬರೆದು ತೋರಿಸಿದ್ದಲ್ಲ, ಬಾಯಿಬಿಟ್ಟು ಹೇಳಿದ್ದು. ಟೀಚರು ನನಗೆ ಫೋನ್ ಮಾಡಿ ಈ ಸುದ್ದಿ ಹೇಳಿದ. ನಾನು ಫ್ರಿಜ್ಜಿಗೆ ಒರಗಿ ಅತ್ತೆ. ಅತ್ತು ಮುಖ ತೊಳೆದುಕೊಂಡು ಶಾಲೆಯ ಆಫೀಸಿಗೆ ಫೋನ್ ಮಾಡಿ, ಮಕ್ಕಳಿಗೆ ಕಲಿಸುವವರಿಗೆ ಇಲ್ಲಿ ಮಾಡಲೇಬೇಕಾದ ಪೊಲೀಸ್ ತಪಾಸಣೆ ಆಕೆಯದು ಆಗಿದೆಯೇ ಎಂದು ವಿಚಾರಿಸಿದೆ. ಆಗಿತ್ತು.

ಜುಲೈನಲ್ಲಿ ರಜಾ ಬರುವ ಮುಂಚೆ ಮಕ್ಕಳು ತಂದೆತಾಯಿಗಳ ಮುಂದೆ ಹಾಡುವ ಕಾರ್ಯಕ್ರಮವಿತ್ತು. ಮಧ್ಯಾಹ್ನ ರಜೆ ಹಾಕಿ ಹೋಗಿ ಮುಂದಿನ ಸಾಲಿನಲ್ಲೇ ಕುರ್ಚಿ ಹಿಡಿದೆ. ಶಾಲೆಯ ಹಾಲ್, ಸಣ್ಣ ಕುರ್ಚಿಗಳು, ಊಟದ ಬಟಾಣಿಯ ವಾಸನೆ. ಅಕ್ಕೋರು ನಮಗೆ ಬೆನ್ನು ಹಾಕಿ ಮಕ್ಕಳ ಮುಂದೆ ನಿಂತಿದ್ದರು. ವಾದ್ಯ ಒಂದೂ ಇಲ್ಲ. ಮಕ್ಕಳು ಎರಡು ಗುಂಪಾಗಿದ್ದರು, ಚಿಕ್ಕ ಗುಂಪಿನ ಮುಂದೆ ನನ್ನ ಮಗಳು. ಅವಳ ಹಿಂದಿನ ಮಕ್ಕಳು ಅವಳ ಸ್ವರವನ್ನೇ ಕಾಯುತ್ತಿದ್ದದ್ದು ನನಗೆ ಆಗ ಕಾಣಲಿಲ್ಲ. ಆಕೆ ತಲೆಯಾಡಿಸಿದರು, ಹಾಡು ಎದ್ದಿತು.

ದೊಡ್ಡ ಗುಂಪು ಹಾಡಿದ್ದು ಚೆಂದದ ಧಾಟಿ, ಒಮ್ಮೆ ಕೇಳಿದರೆ ಬಾಯಿಗೆ ಬರುವಂಥದ್ದು. ನನ್ನ ಮಗಳು ಮಾತ್ರ ಅದನ್ನು ಹಾಡುತ್ತಿರಲಿಲ್ಲ. ಎಲ್ಲರೂ ಗಂಧಾರಕ್ಕೆ ಏರಿದರೆ ಇವಳು ಕೆಳಗೆ ಸಾ ಹಿಡಿದು ನಿಂತಿದ್ದಾಳೆ. ಎಲ್ಲರೂ ಪಂಚಮಕ್ಕೆ ಹೋದರೆ ಇವಳು ಗಂಧಾರದಲ್ಲಿ. ಇಷ್ಟು ಜನರ ಮುಂದೆ ನನ್ನ ಮಗಳು ಬೇಸೂರು. ಎರಡು ಸ್ವರ ಬೇರೆ ಬೇರೆ ದಾರಿಯಲ್ಲಿ ಹೋಗಿ ಜೊತೆಗೂಡುವ ಹಾಡುಗಾರಿಕೆ ಲೋಕದಲ್ಲಿದೆ ಎಂದು ನನಗೆ ಗೊತ್ತಿಲ್ಲದೆ ಇಲ್ಲ. ಇಷ್ಟು ವರ್ಷ ಲಂಡನ್ನಿನಲ್ಲಿದ್ದೇನೆ, ಡಿಸೆಂಬರ್ ಬಂದರೆ ಸ್ಟೇಷನ್ನಿನಲ್ಲೂ ಹಾಗೆ ಹಾಡುತ್ತಾರೆ, ನಿಂತು ಕೇಳಿ ಚಿಲ್ಲರೆ ಹಾಕಿದ್ದೇನೆ. ಆದರೆ ಗೊತ್ತಿದ್ದದ್ದು ನನ್ನ ತಲೆಗೆ, ಬೆರಳಿಗಲ್ಲ. ಮಗಳು ನನ್ನ ಕಡೆ ನೋಡಿದಳು. ನನ್ನ ತೋರುಬೆರಳು ಮೇಲೆ ಎದ್ದಿತು.

ಅವಳು ಕೂಡಲೇ ಸ್ವರ ಏರಿಸಿದಳು. ಐದು ವರ್ಷದ ಅಭ್ಯಾಸ ಅದು, ಬೆರಳು ಎದ್ದರೆ ಏರಲೇಬೇಕು. ಏರಿ ದೊಡ್ಡ ಗುಂಪಿನ ಧಾಟಿಗೆ ಬಂದಳು. ಅವಳನ್ನೇ ನಂಬಿ ನಿಂತಿದ್ದ ಹಿಂದಿನ ಮಕ್ಕಳಲ್ಲಿ ಕೆಲವರು ಏರಿದರು, ಕೆಲವರು ಅಲ್ಲೇ ಉಳಿದರು, ಒಬ್ಬಿಬ್ಬರು ನಿಲ್ಲಿಸಿಯೇಬಿಟ್ಟರು. ಅಕ್ಕೋರ ಕೈ ಗಾಳಿಯಲ್ಲಿ ಚಿಕ್ಕ ಗುಂಪನ್ನು ಎಳೆಯಲು ನೋಡಿತು, ಆಗಲಿಲ್ಲ. ದೊಡ್ಡ ಗುಂಪು ಹೇಗೋ ಹಾಡಿ ಮುಗಿಸಿತು, ಎಲ್ಲರೂ ಚಪ್ಪಾಳೆ ತಟ್ಟಿದರು. ನನ್ನ ಮಗಳು ಬಾಯಿ ಮುಚ್ಚಿಕೊಂಡು, ಇನ್ನೂ ಎದ್ದೇ ಇದ್ದ ನನ್ನ ಬೆರಳನ್ನು ನೋಡುತ್ತಿದ್ದಳು. ಅಕ್ಕೋರು ತಿರುಗಿ ಅವಳ ಕಣ್ಣು ಹೋದ ಕಡೆ ನೋಡಿದರು.

ಗೇಟಿನ ಹತ್ತಿರ ಆಕೆ ನನ್ನನ್ನು ನಿಲ್ಲಿಸಿದರು. ಆ ದಿನ ಹೇಗಿದ್ದೀರಿ ಎಂದು ಕೇಳಲಿಲ್ಲ, ನಮ್ಮ ತಾಯಿಯನ್ನು ವಿಚಾರಿಸಲಿಲ್ಲ.

"ನೀವು ನನ್ನನ್ನು ನಂಬಲಿಲ್ಲ. ಅದು ಇರಲಿ, ನಾನೂ ನಿಮ್ಮನ್ನು ಪೂರ್ತಿ ನಂಬಿಲ್ಲ," ಎಂದರು. "ಆದರೆ ಅಷ್ಟು ಮಕ್ಕಳು ಒಂದು ಕಡೆ ಹಾಡುವಾಗ ಈ ಹುಡುಗಿ ಬೇರೆ ಸ್ವರ ಹಿಡಿದು ನಿಂತಿದ್ದಳು. ಮಾತೇ ಆಡದ ಹುಡುಗಿ. ಅದಕ್ಕೆ ಎಷ್ಟು ಧೈರ್ಯ ಬೇಕೆಂದು ಹಾಡುವವರಾದ ನಿಮಗೆ ಗೊತ್ತಿರಬೇಕಿತ್ತು."

ನನ್ನ ಹತ್ತಿರ ಉತ್ತರವಿತ್ತು. ನಮ್ಮ ಸಂಗೀತ ಇದು, ನಮ್ಮ ಪದ್ಧತಿ ಇದು, ಹೇಳದೆ ಕೇಳದೆ ನನ್ನ ಮಗಳಿಗೆ ಬೇರೆ ಕಲಿಸಿದ್ದು ನೀವು ಎಂದು ಮಂಗಳಾರತಿ ಎತ್ತಬಹುದಿತ್ತು. ಈಗಲೂ ಆ ಮಾತಿನಲ್ಲಿ ಸ್ವಲ್ಪ ನಿಜ ಇದೆ ಎಂದೇ ನನಗನ್ನಿಸುತ್ತದೆ. ಆದರೆ ಮಗಳು ಪಕ್ಕದಲ್ಲಿ ನಿಂತಿದ್ದಳು, ಬ್ಯಾಗಿನ ಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನೆಲ ನೋಡುತ್ತ.

ಮನೆಗೆ ಬಂದ ಮೇಲೆ ಅವಳು ನನ್ನ ಜೊತೆ ಮಾತಾಡಲಿಲ್ಲ. ಅಪ್ಪನ ಜೊತೆ ಆಡುತ್ತಿದ್ದಳು. ಎದುರುಮನೆಗೆ ಹೋಗುತ್ತಿದ್ದಳು, ಬರುತ್ತಿದ್ದಳು. ಬೆಳಿಗ್ಗೆ ನಾನು ತಂಬೂರಿ ಹಾಕಿ ಕೂತೆ, ಅವಳು ಬಂದು ಎದುರಿಗೆ ಕೂತಳು, ಬಾಯಿ ಬಿಡಲಿಲ್ಲ. ಸ್ವಲ್ಪ ಹೊತ್ತು ನೋಡಿ ನಾನೇ ಆರಿಸಿದೆ. ಇಷ್ಟು ತಿಂಗಳಲ್ಲಿ ತೆರೆದದ್ದು ನನ್ನ ಒಂದು ಬೆರಳಿಗೆ ಮತ್ತೆ ಮುಚ್ಚಿಹೋಯಿತೇನೋ ಎಂಬ ಭಯ ನನ್ನನ್ನು ತಿನ್ನುತ್ತಿತ್ತು. ಮಾರ್ಕ್ಸು, ಗ್ರಾಮರ್ ಶಾಲೆ, ಚರ್ಚು, ಭಜನೆ ಎಲ್ಲ ತಲೆಯಿಂದ ಹೋಗಿತ್ತು. ಕೆಲಸದಲ್ಲಿ ಒಂದೇ ಚೀಟಿಯನ್ನು ಮತ್ತೆ ಮತ್ತೆ ಓದುತ್ತಿದ್ದೆ.

ಅದೇ ಶನಿವಾರ ಮಕ್ಕಳು ಅದೇ ಹಾಡನ್ನು ಸಟನ್ನಿನ ಆ ಕೊನೆಯ ಚರ್ಚ್ ಹಾಲಿನಲ್ಲಿ ಇನ್ನೊಮ್ಮೆ ಹಾಡುವುದಿತ್ತು. ಶುಕ್ರವಾರ ಸಂಜೆ ನಾನು ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದೆ. ಮಗಳು ಬಂದು ಬಾಗಿಲಲ್ಲಿ ನಿಂತಳು. ಏನು ಬೇಕವ್ವಾ ಎಂದೆ. ಅವಳು ಪದಗಳನ್ನು ಮನಸ್ಸಿನಲ್ಲೇ ಜೋಡಿಸಿಕೊಳ್ಳುತ್ತಿದ್ದಳು ಎಂದು ಕಾಣುತ್ತದೆ. ಧಾರವಾಡದ ಅಜ್ಜಿಯ ಜೊತೆ ಫೋನಿನಲ್ಲಿ ನಾನು ಆಡುವ ಮಾತನ್ನು ಕೇಳಿ ಕೇಳಿ ಇಟ್ಟುಕೊಂಡಿದ್ದೋ ಏನೋ, ನನಗೆ ತಪ್ಪಿಸಿಕೊಳ್ಳಲು ದಾರಿ ಇರಬಾರದೆಂದೋ ಏನೋ, ಒಂದೊಂದೇ ಪದವನ್ನು ಗಟ್ಟಿಯಾಗಿ, ಸ್ಪಷ್ಟವಾಗಿ ಹೇಳಿದಳು.

"ಅವ್ವಾ, ನಾಳೆ ನಾ ಹಾಡೂ ಮುಂದ ನೀ ಬರಬ್ಯಾಡ."

ಹಂಚಿನ ಮೇಲಿನ ರೊಟ್ಟಿ ಹೊತ್ತಿತು. ಹತ್ತು ವರ್ಷ ಕಾದಿದ್ದೆ ನಾನು, ಅವ್ವಾ ಎನ್ನಲಿ ಎಂದು, ನನ್ನ ಮಾತಿನಲ್ಲಿ ಒಂದು ಪೂರ್ತಿ ವಾಕ್ಯ ಆಡಲಿ ಎಂದು. ಆಯಿತವ್ವಾ, ಬರೂದಿಲ್ಲ ಎಂದೆ. ಅವಳು ತಲೆಯಾಡಿಸಿ ಹೋದಳು.

ಶನಿವಾರ ಬಿಸಿಲು ಜೋರಾಗಿತ್ತು. ಅವಳನ್ನೂ ಇವರನ್ನೂ ಕಾರಿನಲ್ಲಿ ಕರೆದುಕೊಂಡು ಹೋಗಿ ಹಾಲಿನ ಮುಂದೆ ಇಳಿಸಿದೆ. ಎದುರಿಗೆ ಜಾಗ ಇತ್ತು, ನಿಲ್ಲಿಸಿದೆ. ಅಕ್ಕೋರು ಮಕ್ಕಳನ್ನು ಸಾಲಾಗಿ ಒಳಗೆ ಬಿಡುತ್ತಿದ್ದರು, ನನ್ನ ಕಾರನ್ನು ನೋಡಿದರು, ಅವರ ಮುಖದಲ್ಲಿ ಅನುಮಾನ ಇತ್ತೋ ಏನಿತ್ತೋ ಅಷ್ಟು ದೂರದಿಂದ ತಿಳಿಯಲಿಲ್ಲ. ಎಲ್ಲರೂ ಒಳಗೆ ಹೋದ ಮೇಲೆ ಇವರು ವಾಪಸು ಓಡಿಬಂದು ಕಿಟಕಿಗೆ ಬಗ್ಗಿದರು. ಹಿಂದಿನ ಬಾಗಿಲು ತೆರೆದಿದೆ, ಕಂಬದ ಹಿಂದೆ ನಿಂತ್ಕೊಂಡರೆ ಅವಳಿಗೆ ಗೊತ್ತೇ ಆಗಲ್ಲ, ಬಾರೇ ಎಂದರು.

"ಗೊತ್ತಾಗ್ತದರೀ," ಎಂದೆ. "ನಾ ಅಲ್ಲಿದ್ದರ ಅಕಿ ಬಾಯಿ ಮುಚ್ಚತಾಳ."

ನೀವು ಹೋಗರಿ, ಶುರು ಆಗ್ತದ ಎಂದು ಕಳಿಸಿದೆ. ಒಳಗಿನಿಂದ ಕಾಲು ತಟ್ಟುವ ಸದ್ದು ಕೇಳಿಬಂತು, ಅದರ ಹಿಂದೆಯೇ ಹಾಡು. ನಾನು ಕಾರಿನ ಕಿಟಕಿ ಏರಿಸಿ ಕೂತೆ.